ಪದಚರ್ಚೆ: ತಂಡದ ‘ಸೀಸನ್’ಗೆ ಕನ್ನಡದಲ್ಲಿ ಏನೆನ್ನಬೇಕು? (ತುರ್ತು, ನಾಳೆ ಸಂಜೆ ಅಚ್ಚಿಗೆ)

ಸಿಯಾಟಲ್‌ನಿಂದ:

ಎಲ್ಲರಿಗೂ ನಮಸ್ಕಾರ. ಇಲ್ಲಿನ ಕನ್ನಡಿಗರು ಯುಗಾದಿಗೆ ತರುವ ಸಂಚಿಕೆಗೆ ಈ ಊರಿನ ಹಳೆಯ ಐಸ್ ಹಾಕಿ ತಂಡದ ಬಗ್ಗೆ ನಾಲ್ಕು ಪುಟ ಬರೆದಿದ್ದೇನೆ. ನಾಳೆ ಸಂಜೆ ಪುಟಗಳು ಅಚ್ಚಿಗೆ ಹೋಗುತ್ತವೆ. ಮೂರು ಕಡೆ ಸಿಕ್ಕಿಕೊಂಡಿದ್ದೇನೆ, ದಯವಿಟ್ಟು ಕೈಹಿಡಿಯಿರಿ.

ತಂಡ ಸಿಯಾಟಲ್ ಮೆಟ್ರೊಪಾಲಿಟನ್ಸ್. 1917ರಲ್ಲಿ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡವನ್ನು ಸೋಲಿಸಿ, ಐಸ್ ಹಾಕಿಯ ಅತಿದೊಡ್ಡ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದಿತು. ಗೆದ್ದ ತಂಡಗಳ ಹೆಸರನ್ನು ಆ ಕಪ್ಪಿನ ಮೇಲೆಯೇ ಕೆತ್ತುತ್ತಾರೆ. ಅಮೆರಿಕದ ತಂಡವೊಂದರ ಕೈಗೆ ಆ ಕಪ್ ಬಂದದ್ದು ಅದೇ ಮೊದಲು. ನಾನು ಬರೆದಿರುವುದು ಎರಡು ವರ್ಷದ ಅನಂತರದ ಕಥೆ. 1919ರ ಜನವರಿಯಿಂದ ಮಾರ್ಚ್‌ವರೆಗೆ ಪಶ್ಚಿಮ ಕರಾವಳಿಯ ಮೂರೇ ತಂಡಗಳು, ಸಿಯಾಟಲ್, ವ್ಯಾಂಕೂವರ್, ವಿಕ್ಟೋರಿಯಾ, ತಲಾ 20 ಪಂದ್ಯ ಆಡಿದವು. ವ್ಯಾಂಕೂವರ್ 12 ಗೆದ್ದಿತು, ಸಿಯಾಟಲ್ 11. ಇವೆರಡರ ನಡುವೆ ಮತ್ತೆ ಎರಡು ಪಂದ್ಯ ಆಡಿಸಿ ಗೋಲುಗಳನ್ನು ಕೂಡಿಸಿದಾಗ 7–5ರಿಂದ ಸಿಯಾಟಲ್ ಮೇಲಾಯಿತು. ಫೈನಲ್‌ಗೆ ಮಾಂಟ್ರಿಯಲ್ ತಂಡವೇ ರೈಲಿನಲ್ಲಿ ಖಂಡ ದಾಟಿ ಬಂದಿತು. ಐದು ಪಂದ್ಯಗಳಾದ ಮೇಲೆ ಇಬ್ಬರಿಗೂ ಎರಡೆರಡು ಗೆಲುವು. ನಾಲ್ಕನೆಯದು ಹೆಚ್ಚುವರಿ ಆಟದ ಅನಂತರವೂ 0–0. ಏಪ್ರಿಲ್ 1ಕ್ಕೆ ಆರನೆಯ ಪಂದ್ಯ ಗೊತ್ತಾಗಿತ್ತು. ಅಷ್ಟರಲ್ಲಿ ಮಾಂಟ್ರಿಯಲ್ ಆಟಗಾರರು ಒಬ್ಬೊಬ್ಬರಾಗಿ ವಿಷಮಶೀತಜ್ವರದಿಂದ ಹಾಸಿಗೆ ಹಿಡಿದಿದ್ದರು. ಪಂದ್ಯ ರದ್ದಾಯಿತು. ಏಪ್ರಿಲ್ 5ರಂದು ಜೋ ಹಾಲ್ ಎಂಬ ಆಟಗಾರರು ಇದೇ ಊರಿನಲ್ಲಿ ತೀರಿಕೊಂಡರು. ಅವರಿಗೆ 37 ವರ್ಷ.

ಮೊದಲನೆಯದು ‘ಸೀಸನ್’. ಲೇಖನದಲ್ಲಿ 30 ಕಡೆ ಬರುತ್ತದೆ, ಹಾಗೆಯೇ ಬಿಡಲು ಮನಸ್ಸಿಲ್ಲ. ಎರಡನೆಯದು ‘ರೋವರ್’. ಪಶ್ಚಿಮದ ನಿಯಮದಲ್ಲಿ ಆಗ ಏಳು ಜನ ಆಡುತ್ತಿದ್ದರು. ಆ ಏಳನೆಯವನಿಗೆ ಕಟ್ಟಿಟ್ಟ ಜಾಗವಿಲ್ಲ, ಚೆಂಡಿನ ಬದಲಿಗೆ ಬಳಸುವ ರಬ್ಬರ್ ಬಿಲ್ಲೆ ಎಲ್ಲಿಗೆ ಹೋದರೆ ಅವನೂ ಅಲ್ಲಿಗೆ. ಮೂರನೆಯದೇ ನನ್ನ ನಿದ್ದೆಗೆಡಿಸಿರುವುದು. 1948ರಲ್ಲಿ ಕಪ್ಪಿನ ರೂಪ ಬದಲಿಸಿದಾಗ 1919ಕ್ಕೆ ಎರಡೂ ತಂಡಗಳ ಹೆಸರು ಕೆತ್ತಿ, ಕೆಳಗೆ ‘ಸೀರೀಸ್ ನಾಟ್ ಕಂಪ್ಲೀಟೆಡ್’ ಎಂದು ಬರೆದರು. ಇದು ನನ್ನ ಲೇಖನದ ಕೊನೆಯ ಸಾಲು. ಕನ್ನಡದಲ್ಲಿ ಮೂರು ಪದ ಮೀರಬಾರದು.

ದಾವಣಗೆರೆಯಿಂದ:

ನಿಮ್ಮ ಮೂರು ಪದಗಳ ಗೊಡವೆ ನನಗೆ ಬೇಡ. ಕೇಳದೆ ಬಿಟ್ಟ ನಾಲ್ಕನೆಯದು ತಪ್ಪಾಗಿದೆ. ವಿಷಮಶೀತಜ್ವರ ಎಂದರೆ ಟೈಫಾಯ್ಡ್. ಅದು ಕಲುಷಿತ ನೀರು, ಆಹಾರದಿಂದ ಬರುವ ಬ್ಯಾಕ್ಟೀರಿಯಾ ರೋಗ. 1918–19ರದು ಇನ್‌ಫ್ಲುಯೆಂಜಾ, ಉಸಿರಿನಿಂದ ಹರಡಿದ್ದು, ನ್ಯುಮೋನಿಯಾಕ್ಕೆ ತಿರುಗಿ ಕೊಂದದ್ದು. ‘ಶೀತ’ ಎಂಬ ಅಕ್ಷರ ಕಂಡೊಡನೆ ನೆಗಡಿಯ ನೆಂಟ ಎಂದು ತಿಳಿಯಬೇಡಿ. ಫ್ಲೂ ಎಂದು ಬರೆಯಿರಿ. ರೋಗದ ಹೆಸರಿನಲ್ಲಿ ಭಾಷಾಭಿಮಾನ ತೋರಿಸುವುದು ಅಪಾಯ.

ಮೈಸೂರಿನಿಂದ:

ಸೀಸನ್‌ಗೆ ಋತು. ಇದರಲ್ಲಿ ಚರ್ಚೆಗೆ ಏನಿದೆ? ವೇದದಲ್ಲಿ ಋತುವೆಂದರೆ ಬರೀ ಮಳೆ ಚಳಿಯಲ್ಲ. ಒಂದು ಕರ್ಮಕ್ಕೆ ತಕ್ಕದ್ದೆಂದು ನಿಯತವಾದ ಕಾಲ. ಆಟಕ್ಕೆ ನಿಯತವಾದ ಕಾಲ ಆಟದ ಋತು. ಜನವರಿಯಿಂದ ಮಾರ್ಚ್ ಎನ್ನುತ್ತೀರಿ, ಎರಡು ತಿಂಗಳ ಮೇಲೆ ಸ್ವಲ್ಪ, ಅಳತೆಯೂ ಕೂಡುತ್ತದೆ. ಪತ್ರಿಕೆಗಳಲ್ಲಿ ‘ಕ್ರೀಡಾಋತು’ ಎಂದು ಬರೆಯುತ್ತಾರೆ. ಅದನ್ನು ಮಾತ್ರ ಮುಟ್ಟಬೇಡಿ. ಮಹಾ ಮತ್ತು ಋಷಿ ಸೇರಿದರೆ ಮಹರ್ಷಿ. ಹಾಗೆಯೇ ಇದು ಕ್ರೀಡರ್ತು ಆಗಬೇಕು. ಸಂಧಿ ಮಾಡುವ ಧೈರ್ಯವಿಲ್ಲದವರು ಸಮಾಸ ಮಾಡಬಾರದು. ಬಿಡಿಸಿ ‘ಆಟದ ಋತು’ ಎನ್ನಿ.

ಕೆತ್ತನೆಗೆ: ‘ಸರಣಿ ಅಪೂರ್ಣ’.

ಹುಬ್ಬಳ್ಳಿಯಿಂದ:

ಮೈಸೂರಿನ ಹಿರಿಯರ ಸಂಧಿಗೆ ಕೈಮುಗಿಯುತ್ತೇನೆ, ಪದಕ್ಕೆ ಅಲ್ಲ. ಪಶ್ಚಿಮ ಕರಾವಳಿಯಲ್ಲಿ ಈ ಆಟವನ್ನು ಕಟ್ಟಿದ ಪ್ಯಾಟ್ರಿಕ್ ಸಹೋದರರು ವ್ಯಾಂಕೂವರ್ ಮತ್ತು ವಿಕ್ಟೋರಿಯಾಗಳಲ್ಲಿ ಯಂತ್ರದಿಂದ ಮಂಜುಗಡ್ಡೆ ಮಾಡುವ ಅಂಗಣಗಳನ್ನು ಕಟ್ಟಿಸಿದರು. ಸಿಯಾಟಲ್‌ನದೂ ಅಂಥದ್ದೇ. ಕಾರಣ ಸರಳ: ಆ ಕರಾವಳಿಯ ಚಳಿಗಾಲದಲ್ಲಿ ಮಳೆ ಸುರಿಯುತ್ತದೆ, ಆಟಕ್ಕಾಗುವಷ್ಟು ಕೆರೆ ಹೆಪ್ಪುಗಟ್ಟುವುದಿಲ್ಲ. ಋತುವಿನ ಹಂಗು ಕಡಿದುಕೊಂಡೇ ಅಲ್ಲಿ ಆಟ ನಿಂತದ್ದು. ಅದಕ್ಕೆ ಋತು ಎಂದು ಹೆಸರಿಡುವುದು ಯಾವ ನ್ಯಾಯ?

ನಮ್ಮಲ್ಲಿ ಪದ ಇದೆ. ಹಂಗಾಮು. ಮುಂಗಾರು ಹಂಗಾಮು, ಹಿಂಗಾರು ಹಂಗಾಮು, ಕಬ್ಬು ನುರಿಸುವ ಹಂಗಾಮು. ಸಕ್ಕರೆ ಕಾರ್ಖಾನೆಗೆ ಋತು ಇಲ್ಲ, ಹಂಗಾಮು ಇದೆ. ಒಲೆ ಹೊತ್ತಿದ ದಿನದಿಂದ ಆರಿದ ದಿನದವರೆಗೆ ಎಷ್ಟು ಟನ್ ನುರಿಸಿದರು ಎಂದು ಲೆಕ್ಕ ಇಡುತ್ತಾರೆ. ಹಾಕಿ ತಂಡದ ಲೆಕ್ಕವೂ ಇದೇ: ಇಂತಿಷ್ಟು ಪಂದ್ಯ, ಇಂತಿಷ್ಟು ಗೆಲುವು, ಸಂಬಳ ಚುಕ್ತಾ. ಇನ್ನೊಂದು ಮಾತು. ಇಂಗ್ಲಿಷಿನ ಸೀಸನ್ ಎಂಬ ಪದ ಬಂದದ್ದೇ ಬಿತ್ತನೆ ಎಂಬ ಅರ್ಥದ ಲ್ಯಾಟಿನ್ ಪದದಿಂದ, ಫ್ರೆಂಚ್ ದಾರಿಯಾಗಿ. ಹೊಲದಿಂದ ಹೊರಟ ಪದಕ್ಕೆ ಹೊಲದ ಪದವೇ ಜೋಡಿ.

ಮೈಸೂರಿನಿಂದ:

ಹಂಗಾಮು ಪಾರಸಿ. ಯುವಕರು ಅದನ್ನು ಗಲಾಟೆ ಎಂಬ ಅರ್ಥದ ಹಿಂದಿ ಪದ ಎಂದು ಓದುತ್ತಾರೆ. ಉಳಿದವರು ‘ಹಂಗಾಮಿ’ ನೌಕರರನ್ನು ನೆನೆಯುತ್ತಾರೆ. ಆರು ಋತುಗಳನ್ನು ಎಣಿಸಬಲ್ಲ ಭಾಷೆ ಕಂದಾಯ ಕಚೇರಿಯ ಪದಕ್ಕೆ ಕೈಯೊಡ್ಡಬೇಕಿಲ್ಲ.

ಹುಬ್ಬಳ್ಳಿಯಿಂದ:

ಋತುವೂ ಕನ್ನಡವಲ್ಲ, ಸ್ವಾಮಿ. ಒಂದು ಸಂಸ್ಕೃತದಿಂದ ಬಂತು, ಇನ್ನೊಂದು ಪಾರಸಿಯಿಂದ. ಮೊದಲು ಬಂದವರು ಮನೆಯವರು, ತಡವಾಗಿ ಬಂದವರು ಭಿಕ್ಷುಕರು ಎಂಬ ನಿಯಮ ಯಾವ ವ್ಯಾಕರಣದಲ್ಲಿದೆ? ನೀವು ಬರೆದ ‘ಕಚೇರಿ’ ಯಾವ ವೇದದ್ದು? ಹಂಗಾಮು ಎಂದರೆ ಬೆಳಗಾವಿಯಿಂದ ಮಂಡ್ಯದವರೆಗೆ ರೈತ ತಲೆಯಾಡಿಸುತ್ತಾನೆ. ಅಷ್ಟು ಸಾಕು. ಹಂಗಾಮಿ ಎಂಬುದೂ ಅದರ ಕುಡಿಯೇ. ಒಂದು ಅವಧಿಗೆ ಮಾತ್ರ ನಿಂತವನು. ವೃತ್ತಿ ಆಟಗಾರನೂ ಅಷ್ಟೇ ಅಲ್ಲವೇ?

ಬೆಂಗಳೂರಿನಿಂದ:

ಇಬ್ಬರೂ ಎರವಲಿನ ಮೇಲೆಯೇ ನಿಂತು ಜಗಳವಾಡುತ್ತಿದ್ದೀರಿ. ಮುಂಗಾರು, ಹಿಂಗಾರು ಪದಗಳ ಒಳಗೇ ನಮ್ಮ ಪದ ಕುಳಿತಿದೆ: ಕಾರು. ಮುನ್ನಿನ ಕಾರು, ಹಿಂದಿನ ಕಾರು. ಮಳೆಗಾಲದ ಕಪ್ಪು ಮೋಡದ ಪದ. ಆಡುವ ಕಾಲಕ್ಕೆ ‘ಆಟಗಾರು’. ರೋವರ್‌ಗೆ ‘ಅಲೆಯಾಳು’. ಕೆತ್ತನೆಗೆ ‘ಸಾಲು ಮುಗಿಯಲಿಲ್ಲ’. ಒಂದೂ ಸಂಸ್ಕೃತವಿಲ್ಲ, ಒಂದೂ ಪಾರಸಿಯಿಲ್ಲ. ನಾಲ್ಕು ಸಲ ಬಳಸಿದರೆ ಬಾಯಿಗೆ ಬರುತ್ತದೆ.

ಶಿವಮೊಗ್ಗದಿಂದ:

‘ಆಟಗಾರು’ ಪದವನ್ನು ಯಾರೂ ಹಾಗೆ ಓದುವುದಿಲ್ಲ. ‘ಆಟಗಾರರು’ ಎಂಬುದರಲ್ಲಿ ಒಂದು ಅಕ್ಷರ ಬಿಟ್ಟುಹೋಗಿದೆ ಎಂದು ತಿದ್ದುತ್ತಾರೆ. ಕ್ರೀಡಾಪುಟದ ಕರಡು ತಿದ್ದುತ್ತಾ ಕೂದಲು ಬೆಳ್ಳಗಾದವನು ನಾನು, ಮೊದಲು ತಿದ್ದುವವನು ನಾನೇ.

ಉಡುಪಿಯಿಂದ:

ಎಲ್ಲರೂ ಹೊಲ, ಮೋಡ, ಯಜ್ಞ ಹುಡುಕಿದಿರಿ. ಸಂಬಳಕ್ಕೆ ಆಡುವ ತಂಡವನ್ನು ಯಾರೂ ಹುಡುಕಲಿಲ್ಲ. ಕರಾವಳಿಯಲ್ಲಿ ಯಕ್ಷಗಾನ ಮೇಳದ ಸೀಸನ್‌ಗೆ ‘ತಿರುಗಾಟ’ ಎನ್ನುತ್ತಾರೆ. ದೀಪಾವಳಿಯ ಅನಂತರ ಮೇಳ ಹೊರಡುತ್ತದೆ, ಮಳೆಗಾಲಕ್ಕೆ ಮುಂಚೆ ಮೇ ಕೊನೆಯಲ್ಲಿ ಬರುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುತ್ತದೆ. ನಡುವಿನದೆಲ್ಲ ಒಂದು ತಿರುಗಾಟ. ಕಲಾವಿದ ‘ಇದು ನನ್ನ ಹತ್ತನೆಯ ತಿರುಗಾಟ’ ಎನ್ನುತ್ತಾನೆ. ಮುಂದಿನ ತಿರುಗಾಟಕ್ಕೆ ಮೇಳ ಬದಲಿಸುತ್ತಾನೆ, ಯಜಮಾನರು ಒಬ್ಬರ ವೇಷಧಾರಿಯನ್ನು ಇನ್ನೊಬ್ಬರು ಸೆಳೆಯುತ್ತಾರೆ. ಈ ಸಿಯಾಟಲ್ ತಂಡ 1915ರಲ್ಲಿ ಹುಟ್ಟಿದ್ದೇ ಟೊರಾಂಟೊ ತಂಡದ ಫ್ರ್ಯಾಂಕ್ ಫಾಯ್‌ಸ್ಟನ್, ಜಾಕ್ ವಾಕರ್, ಹ್ಯಾರಿ ಹೋಮ್ಸ್ ಮೊದಲಾದವರನ್ನು ಸೆಳೆದು. ಇದಕ್ಕಿಂತ ಮೇಳದ ಲಕ್ಷಣ ಬೇಕೇ? ನಾವು ಪ್ರದರ್ಶನಕ್ಕೂ ‘ಆಟ’ ಎಂದೇ ಅನ್ನುತ್ತೇವೆ. ಕನ್ನಡದಲ್ಲಿ ಸಿದ್ಧವಾಗಿ ಕುಳಿತ ಪದ ಇದು, ಘಟ್ಟದ ಮೇಲಿನವರಿಗೆ ಕಾಣುವುದಿಲ್ಲ.

ಸಿಯಾಟಲ್‌ನಿಂದ:

ದಾವಣಗೆರೆಯ ಡಾಕ್ಟರಿಗೆ ಋಣಿ, ತಿದ್ದಿಕೊಂಡೆ. ತಿರುಗಾಟ ಓದಿ ನಿಜಕ್ಕೂ ಮೈ ಜುಮ್ಮೆಂದಿತು, ನನ್ನ ತಾಯಿಯ ಊರು ಕುಂದಾಪುರ. ಆದರೆ ಒಂದು ತೊಡಕು. ಫೈನಲ್‌ನ ಎಲ್ಲ ಪಂದ್ಯಗಳೂ ಸಿಯಾಟಲ್‌ನಲ್ಲೇ ನಡೆದವು. ನನ್ನ ತಂಡ ಮನೆಯಲ್ಲಿತ್ತು. ತಿರುಗಾಟ ಮಾಡಿದ್ದು ಮಾಂಟ್ರಿಯಲ್. ಮನೆಗೆ ಮರಳದವರು ಜೋ ಹಾಲ್. ಹಾಗಾಗಿ ಆ ಪದವನ್ನು ಅವರ ಪಯಣಕ್ಕೆ ಇಟ್ಟುಕೊಳ್ಳುತ್ತೇನೆ. ರೋವರ್‌ಗೂ ‘ಅಲೆ’, ‘ತಿರುಗು’ ಬಂದರೆ ಓದುಗರು ಗೊಂದಲಕ್ಕೆ ಬೀಳುತ್ತಾರೆ.

ಇನ್ನೊಂದು ಗಂಟು. ಇದೇ ಕಪ್ಪಿನ ಮೇಲೆ 2004–05ಕ್ಕೆ ‘ಸೀಸನ್ ನಾಟ್ ಪ್ಲೇಡ್’ ಎಂದಿದೆ. ಆ ವರ್ಷ ಮಾಲೀಕರಿಗೂ ಆಟಗಾರರಿಗೂ ಒಪ್ಪಂದವಾಗದೆ ಒಂದು ಪಂದ್ಯವೂ ನಡೆಯಲಿಲ್ಲ. ಎರಡು ಕೆತ್ತನೆಗಳನ್ನೂ ಒಂದೇ ಪುಟದಲ್ಲಿ ಉಲ್ಲೇಖಿಸಿದ್ದೇನೆ. ಸೀಸನ್ ಮತ್ತು ಸೀರೀಸ್ ಬೇರೆ ಬೇರೆಯಾಗಿ ಕಾಣಲೇಬೇಕು. ಸಿಯಾಟಲ್‌ನ ಬರ್ನಿ ಮಾರಿಸ್ ಲೀಗ್ ಪಂದ್ಯಗಳಲ್ಲಿ ಆಡಿದರು. ಸೈನ್ಯದ ಕರೆಗೆ ಹಾಜರಾಗಲಿಲ್ಲವೆಂದು ಬಂಧನಕ್ಕೊಳಗಾಗಿ ಫೈನಲ್‌ಗೆ ಇರಲಿಲ್ಲ. ಮುಂದೆ ಅಲ್ಕಟ್ರಾಜ್ ಸೆರೆಮನೆಯಲ್ಲಿದ್ದರು. ‘ಸೀಸನ್‌ನಲ್ಲಿದ್ದರು, ಸೀರೀಸ್‌ನಲ್ಲಿರಲಿಲ್ಲ’ ಎಂಬ ವಾಕ್ಯ ತಪ್ಪಿಲ್ಲದೆ ನಿಲ್ಲಬೇಕು.

ಶಿವಮೊಗ್ಗದಿಂದ:

ಈಗ ಕೆಲಸದ ಮಾತು ಬಂತು. ವ್ಯುತ್ಪತ್ತಿ ಬದಿಗಿಡಿ; ಪದವನ್ನು ವಾಕ್ಯದಲ್ಲಿ ಕೂರಿಸಿ ನೋಡಿ. ‘ಆ ವರ್ಷ ಋತು ನಡೆಯಲಿಲ್ಲ.’ ಬಿದ್ದುಹೋಯಿತು. ಋತು ಬರುತ್ತದೆ, ಕಳೆಯುತ್ತದೆ, ಯಾರೂ ಅದನ್ನು ನಡೆಸುವುದಿಲ್ಲ. ‘ತಂಡದ ಋತು ಆರಂಭ’ ಎಂಬ ಶೀರ್ಷಿಕೆಯನ್ನು ಹೆಣ್ಣುಮಕ್ಕಳು ಹೇಗೆ ಓದುತ್ತಾರೆ ಎಂಬುದನ್ನೂ ಹಿರಿಯರು ಯೋಚಿಸಬೇಕು. ‘ಆ ವರ್ಷ ಹಂಗಾಮು ನಡೆಯಲಿಲ್ಲ.’ ನಿಂತಿತು, ಬರ ಬಿದ್ದ ವರ್ಷ ಕಾರ್ಖಾನೆಗಳ ಬಗ್ಗೆ ಹೀಗೆಯೇ ಬರೆದಿದ್ದೇವೆ. ‘ಆ ವರ್ಷ ಮೇಳ ತಿರುಗಾಟಕ್ಕೆ ಹೊರಡಲಿಲ್ಲ.’ ಇದೂ ಸೊಗಸಾಗಿ ನಿಂತಿತು, ಆದರೆ ಮೇಳ ಕರ್ತೃವಾಗಿ ಬೇಕು. ‘ಮಾರಿಸ್ ಹಂಗಾಮಿನಲ್ಲಿದ್ದರು, ಸರಣಿಯಲ್ಲಿರಲಿಲ್ಲ.’ ಒಂದು ಕೂದಲೂ ಅಲುಗಲಿಲ್ಲ.

ರೋವರ್ ರೋವರ್ ಆಗಿಯೇ ಇರಲಿ. ಆ ಸ್ಥಾನವೇ 1920ರ ದಶಕದಲ್ಲಿ ಆಟದಿಂದ ಹೋಯಿತು. ಸತ್ತ ಸ್ಥಾನಕ್ಕೆ ಹೊಸ ಪದ ಹುಟ್ಟಿಸುವುದು ವ್ಯರ್ಥ. ಮೊದಲ ಸಲ ಬಂದಾಗ ‘ಕಟ್ಟಿಟ್ಟ ಜಾಗವಿಲ್ಲದ ಏಳನೆಯವನು’ ಎಂದು ನೀವೇ ಬರೆದಿದ್ದೀರಿ, ಅದಕ್ಕಿಂತ ಒಳ್ಳೆಯದು ಯಾರಿಂದಲೂ ಬರಲಿಲ್ಲ. ಫೈನಲ್‌ನಲ್ಲಿ ಒಂದು ದಿನ ಪಶ್ಚಿಮದ ಏಳು ಜನರ ನಿಯಮ, ಮುಂದಿನ ಪಂದ್ಯಕ್ಕೆ ಪೂರ್ವದ ಆರು ಜನರ ನಿಯಮ ಎಂದು ಸರದಿಯಲ್ಲಿ ಆಡಿದ್ದನ್ನು ಅಲ್ಲೇ ಹೇಳಿಬಿಡಿ. ರೋವರ್ ಇದ್ದ ಮೊದಲ ಪಂದ್ಯ ಸಿಯಾಟಲ್‌ಗೆ 7–0, ಮೂರನೆಯದು 7–2. ಇಲ್ಲದ ಎರಡನೆಯದು ಮಾಂಟ್ರಿಯಲ್‌ಗೆ 4–2. ಏಳನೆಯವನು ಏನು ಮಾಡುತ್ತಿದ್ದ ಎಂಬುದು ಓದುಗರಿಗೆ ಲೆಕ್ಕದಿಂದಲೇ ತಿಳಿಯುತ್ತದೆ.

ಇನ್ನು ಕೆತ್ತನೆ. ‘ಸರಣಿ ಅಪೂರ್ಣ’ ಅಂಕಪಟ್ಟಿಯ ಷರಾ. ‘ಮುಗಿಯದ ಸರಣಿ’ ಎಂದರೆ ಇಂದಿಗೂ ನಡೆಯುತ್ತಿದೆ ಎಂದಾಗುತ್ತದೆ. ‘ಸರಣಿ ಮುಗಿಸಲಿಲ್ಲ’ ಎಂದರೆ ಯಾರೋ ಮುಗಿಸಬಹುದಿತ್ತು, ಬಿಟ್ಟರು ಎಂಬ ದೂರು ಅಂಟುತ್ತದೆ. ‘ಕೈಬಿಡಲಾಯಿತು’ ಇನ್ನೂ ಕೆಟ್ಟದ್ದು. ಮಾಂಟ್ರಿಯಲ್ ತಂಡದ ಮಾಲೀಕ ಜಾರ್ಜ್ ಕೆನಡಿ ಆಡಲು ಜನವಿಲ್ಲ, ಕಪ್ ನೀವೇ ಇಟ್ಟುಕೊಳ್ಳಿ ಎಂದರು. ಸಿಯಾಟಲ್‌ನ ತರಬೇತುದಾರ ಪೀಟ್ ಮಲ್ಡೂನ್ ಬೇಡ ಎಂದರು. ಇಬ್ಬರೂ ಏನನ್ನೂ ಕೈಬಿಟ್ಟವರಲ್ಲ. ಬೆಂಗಳೂರಿನವರ ‘ಸಾಲು’ ಬೇಡ, ಕ್ರಿಯಾಪದ ಮಾತ್ರ ಸರಿಯಾದದ್ದು. ‘ಸರಣಿ ಮುಗಿಯಲಿಲ್ಲ.’ ಮುಗಿ ಎಂಬುದು ಅಕರ್ಮಕ. ಅಲ್ಲಿ ಯಾರ ಮೇಲೂ ಹೊರೆಯಿಲ್ಲ.

ಬೆಂಗಳೂರಿನಿಂದ:

ಸರಣಿ ಸಂಸ್ಕೃತ. ದಾರಿ ಎಂದು ಅರ್ಥ. ನನ್ನ ಆಕ್ಷೇಪ ದಾಖಲಾಗಲಿ.

ಉಡುಪಿಯಿಂದ:

ತಂಗೀ, ಹಾಲ್ ಅವರ ವಾಕ್ಯದಲ್ಲಿ ತಿರುಗಾಟ ಉಳಿಸಿಕೊಂಡೆಯಲ್ಲ, ನನಗೆ ಅಷ್ಟು ಸಾಕು.

ಸಿಯಾಟಲ್‌ನಿಂದ:

ಪುಟಗಳು ಹೋದವು. ಹಂಗಾಮು 30 ಕಡೆ, ರೋವರ್ ರೋವರ್ ಆಗಿಯೇ, ಫ್ಲೂ ಫ್ಲೂ ಆಗಿಯೇ. ಕೊನೆಯ ಭಾಗ ಹೀಗಿದೆ:

‘ಮಾಂಟ್ರಿಯಲ್‌ನವರ ತಿರುಗಾಟ ಸಿಯಾಟಲ್‌ನಲ್ಲೇ ನಿಂತಿತು. ಆರನೆಯ ಪಂದ್ಯ ರದ್ದಾಯಿತು. ನಾಲ್ಕು ದಿನಗಳ ಮೇಲೆ ಜೋ ಹಾಲ್ ತೀರಿಕೊಂಡರು. ಕಪ್ಪಿನ ಮೇಲೆ ಆ ವರ್ಷಕ್ಕೆ ಎರಡು ತಂಡಗಳ ಹೆಸರಿವೆ. ಕೆಳಗೆ ಬರೆದಿದೆ: ಸರಣಿ ಮುಗಿಯಲಿಲ್ಲ.’

ಮೈಸೂರಿನಿಂದ:

‘ರದ್ದು’ ಅರಬ್ಬಿ.

ಶಿವಮೊಗ್ಗದಿಂದ:

ಇರಲಿ, ಹಿರಿಯರೇ. ರದ್ದಾದದ್ದು ಆ ಒಂದು ಪಂದ್ಯ, ಸರಣಿಯಲ್ಲ. ಆಡಿದ ಐದೂ ಲೆಕ್ಕದಲ್ಲಿವೆ. ಎರಡು ಪದಗಳನ್ನೂ ಅವರು ಇಡಬೇಕಾದ ಕಡೆಯೇ ಇಟ್ಟಿದ್ದಾರೆ.