ಊರಲ್ಲಿರುವ ಅಮ್ಮನ ಚಿಕಿತ್ಸೆಗೆ ಎಫ್‌ಎಂಎಲ್‌ಎ ರಜೆ: ಹೋಗಿ ಬಂದವರು ಹೇಳಿ

ಕೇಳಿದವರು, ಟೆಕ್ಸಾಸ್:
ದಾವಣಗೆರೆಯಲ್ಲಿರುವ ಅಮ್ಮನಿಗೆ ಕ್ಯಾನ್ಸರ್. ಮುಂದಿನ ತಿಂಗಳು ಕೀಮೋ ಶುರು. ಅಮೆರಿಕದ ಎಫ್‌ಎಂಎಲ್‌ಎ ರಜೆ (ಮನೆಯವರ ಕಾಯಿಲೆಗೆಂದು ಕಾನೂನು ಕೊಡುವ ರಜೆ) ಇಂಡಿಯಾದಲ್ಲಿರುವ ಅಮ್ಮನಿಗಾಗಿಯೂ ಸಿಗುತ್ತದಾ? ಅದರ 12 ವಾರವನ್ನೂ ಒಟ್ಟಿಗೇ ತೆಗೆದುಕೊಳ್ಳಬೇಕಾ?

ನ್ಯೂಜೆರ್ಸಿಯಿಂದ:
ಸಿಗುತ್ತದೆ, ಧೈರ್ಯವಾಗಿರಿ. ಹೆತ್ತವರು ಯಾವ ದೇಶದಲ್ಲಿದ್ದರೂ 1993ರ ಈ ಕಾನೂನು ಅಡ್ಡಿ ಮಾಡುವುದಿಲ್ಲ. ಕಂಪನಿ ಸೇರಿ 12 ತಿಂಗಳಾಗಿರಬೇಕು. ಹಿಂದಿನ 12 ತಿಂಗಳಲ್ಲಿ 1,250 ಗಂಟೆ ಕೆಲಸ ಮಾಡಿರಬೇಕು. ನಿಮ್ಮ ಆಫೀಸಿನ 75 ಮೈಲಿ ಒಳಗೆ ಕಂಪನಿಯ 50 ನೌಕರರಾದರೂ ಇರಬೇಕು. ಸಂಬಳ ಕೊಡಲೇಬೇಕೆಂದಿಲ್ಲ, ಆದರೆ ಕೆಲಸ ಉಳಿಯುತ್ತದೆ. ಹೆಲ್ತ್ ಇನ್ಶೂರೆನ್ಸ್ ಕೂಡ ಮುಂದುವರಿಯುತ್ತದೆ, ನಿಮ್ಮ ಪಾಲಿನ ಪ್ರೀಮಿಯಂ ಕಟ್ಟುತ್ತಿರಬೇಕು.

ಜಾಸ್ತಿ ಓಡಾಟ ಇರುವುದು ಡಾಕ್ಟರ್ ಸರ್ಟಿಫಿಕೇಟಿಗೆ. ಅಪ್ಪನ ಬೈಪಾಸ್ ಸಮಯದಲ್ಲಿ ನೋಡಿದ್ದೇನೆ. ನಮ್ಮ ಕಡೆ ಲೆಟರ್‌ಹೆಡ್‌ನಲ್ಲಿ ಎರಡು ಸಾಲು ಬರೆದು ಸೀಲ್ ಹಾಕಿ ಕೊಡುತ್ತಾರೆ. ಇಲ್ಲಿ ಅದು ಸಾಲುವುದಿಲ್ಲ. ಕಾಯಿಲೆ ಯಾವಾಗ ಶುರುವಾಯಿತು, ಎಷ್ಟು ಕಾಲ ಇರಬಹುದು, ರೋಗಿಗೆ ಯಾವ ಆರೈಕೆ ಬೇಕು ಎಂದೆಲ್ಲ ಫಾರ್ಮ್ ಕೇಳುತ್ತದೆ. ಅಲ್ಲಿನ ಡಾಕ್ಟರ ಸಹಿಯೇ ನಡೆಯುತ್ತದೆ. ನನ್ನ ತಂಗಿ ಓಪಿಡಿ ರಶ್ ಮುಗಿದ ಮೇಲೆ ಡಾಕ್ಟರ ಎದುರು ಕೂತು, ಒಂದೊಂದೇ ಪ್ರಶ್ನೆ ಓದಿ ಬರೆಸಿಕೊಂಡಳು. ನೀವೂ ಯಾರಿಗಾದರೂ ಈ ಕೆಲಸ ಒಪ್ಪಿಸಿ. ಕಂಪನಿ ಕೇಳಿದ ಮೇಲೆ ಕನಿಷ್ಠ 15 ದಿನ ಸಮಯವಿರುತ್ತದೆ. ಏನಾದರೂ ಬಿಟ್ಟುಹೋದರೆ ಗಾಬರಿ ಬೇಡ. ಏನು ಕಮ್ಮಿಯಿದೆ ಎಂದು ಕಂಪನಿಯೇ ಬರೆದು ತಿಳಿಸಿ 7 ದಿನ ಕೊಡಬೇಕು.

ಮೊದಲೇ ಗೊತ್ತಿರುವ ಚಿಕಿತ್ಸೆಗೆ 30 ದಿನ ಮುಂಚೆ ಹೇಳಬೇಕು. ಅಷ್ಟು ಸಮಯ ಇಲ್ಲದಿದ್ದರೆ ಗೊತ್ತಾದ ಕೂಡಲೇ. ಇವತ್ತೇ ಎಚ್‌ಆರ್‌ಗೆ ಮೇಲ್ ಹಾಕಿ.

ಇಲಿನಾಯ್‌ನಿಂದ:
ದಯವಿಟ್ಟು 12 ವಾರವನ್ನು ಒಂದೇ ಸಲ ಮುಗಿಸಬೇಡಿ. ಕೀಮೋ ತಿಂಗಳುಗಟ್ಟಲೆ ನಡೆಯುತ್ತದೆ, ಆಮೇಲೆ ಆಪರೇಷನ್ನೂ ಬರಬಹುದು. ವಿಷಯ ಗೊತ್ತಾದ ತಕ್ಷಣ ಓಡಿ ಹೋಗಬೇಕು ಅನ್ನಿಸುತ್ತದೆ, ಅಲ್ವಾ? ಆದರೆ ಆಗ ಮನೆ ತುಂಬಾ ಜನ ಇರುತ್ತಾರೆ. ಮೂರನೇ, ನಾಲ್ಕನೇ ಕೀಮೋ ಹೊತ್ತಿಗೆ ನೆಂಟರು ಅವರವರ ಊರಿಗೆ ಹೋಗಿರುತ್ತಾರೆ, ಅಮ್ಮ ಸೋತಿರುತ್ತಾರೆ. ಆಗ ನೀವು ಪಕ್ಕದಲ್ಲಿರಬೇಕು. ಬಿಡಿಬಿಡಿಯಾಗಿ ರಜೆ ಹಾಕಲು ಕಾನೂನಿನಲ್ಲೇ ಅವಕಾಶವಿದೆ. ಅದು ಯಾಕೆ ಬೇಕು ಎಂದು ಡಾಕ್ಟರು ಫಾರ್ಮ್‌ನಲ್ಲಿ ಬರೆದಿರಬೇಕು, ಅಷ್ಟೇ.

ಊರಿಗೆ ಹೋದಾಗ ಗೃಹಪ್ರವೇಶ, ಗೋಕರ್ಣ ಎಂದು ಕರೆಯುತ್ತಾರೆ. ಅಂಥದ್ದಕ್ಕೆ ಬೇರೆ ರಜೆ ಹಾಕಿ. ಇದು ಅಮ್ಮನ ಆರೈಕೆಗೆಂದೇ ಕೊಟ್ಟ ರಜೆ.

ಕ್ಯಾಲಿಫೋರ್ನಿಯಾದಿಂದ:
ಓದುತ್ತಿರುವ ಬೇರೆಯವರಿಗೆ ಒಂದು ಮಾತು. ಎಫ್‌ಎಂಎಲ್‌ಎ ಅತ್ತೆ-ಮಾವನಿಗೆ ಅನ್ವಯಿಸುವುದಿಲ್ಲ. ನಮ್ಮ ರಾಜ್ಯದ ಕಾನೂನು 2022ರಿಂದ ಅವರನ್ನೂ ಸೇರಿಸಿಕೊಂಡಿದೆ. ನಮ್ಮತ್ತೆಯನ್ನು ನೋಡಿಕೊಳ್ಳಲು ನನಗೆ ರಜೆ ಸಿಕ್ಕಿದ್ದು ಅದರಿಂದಲೇ.

ಮತ್ತೆ ನ್ಯೂಜೆರ್ಸಿಯಿಂದ:
ನಿಮ್ಮದು ಎಚ್-1ಬಿ (ಅಮೆರಿಕದ ಕೆಲಸದ ವೀಸಾ) ಆಗಿದ್ದರೆ ಟಿಕೆಟ್ ಮಾಡುವ ಮೊದಲು ಪಾಸ್‌ಪೋರ್ಟ್‌ನಲ್ಲಿ ವೀಸಾ ಸ್ಟ್ಯಾಂಪ್ ಯಾವಾಗ ಮುಗಿಯುತ್ತದೆ ನೋಡಿ. ವೀಸಾಗೆ ಕಾಯುವ ದಿನಗಳು ಈ ರಜೆಗೆ ಬರುವುದಿಲ್ಲ. ಸ್ಟ್ಯಾಂಪ್ ಮುಗಿದಿದ್ದರೆ ಕಂಪನಿಯ ಇಮಿಗ್ರೇಷನ್ ಲಾಯರ್ ಜೊತೆ ಮಾತಾಡಿಯೇ ಹೊರಡಿ.