ಅಮ್ಮನ ಮಂಡಿನೋವಿಗೆ ಟ್ರಮಡಾಲ್: ಇನ್ನೆಷ್ಟು ದಿನ?

ಪ್ರಶ್ನೆ (ಶಿಡ್ಲಘಟ್ಟ ಹತ್ತಿರದ ಹಳ್ಳಿಯಿಂದ): ನಮಸ್ಕಾರ ಮೇಡಂ. ನಮ್ಮಮ್ಮನಿಗೆ 63. ಮೂವತ್ತು ವರ್ಷ ರೇಷ್ಮೆಹುಳಕ್ಕೆ ಸೊಪ್ಪು ಹೊತ್ತು ಸೊಂಟ, ಮಂಡಿ ಎರಡೂ ಹೋಗಿವೆ. ಎಂಟು ತಿಂಗಳಿಂದ ಟ್ರಮಡಾಲ್, ಪ್ಯಾರಾಸಿಟಮಾಲ್ ಸೇರಿದ ಮಾತ್ರೆ ನುಂಗ್ತಿದ್ದಾರೆ. ಮೊದಲು ದಿನಕ್ಕೊಂದು, ಈಗ ಮೂರು. ಪಕ್ಕದ ಮನೆಯವರು "ಅದು ಅಫೀಮಿನ ಜಾತಿ, ಚಟ ಹತ್ತುತ್ತೆ" ಅಂದಿದ್ದಕ್ಕೆ ಹೆದರಿ ಹೋದ ವಾರ ಪೂರ್ತಿ ಬಿಟ್ಟರು. ಎರಡನೇ ದಿನಕ್ಕೆ ಬೆವರು, ಭೇದಿ, ಮೈಕೈ ಸೆಳೆತ, ನಿದ್ದೆಯೇ ಇಲ್ಲ. ಮತ್ತೆ ಶುರು ಮಾಡಿದ್ದಾರೆ. ಚಟ ಹತ್ತಿದೆಯಾ? ಕಾಯಂ ತಗೋಬಹುದಾ?

ಉತ್ತರ (ನೋವು ಚಿಕಿತ್ಸೆಯ ವೈದ್ಯೆ): ಅಮ್ಮನಿಗೆ ಮೊದಲು ಹೇಳಿ, ಇಷ್ಟಕ್ಕೇ ಇದನ್ನು ಚಟ ಅನ್ನೋಕೆ ಆಗಲ್ಲ. ಮೈ ಮಾತ್ರೆಗೆ ಒಗ್ಗಿದೆ, ಒಮ್ಮೆಲೇ ಕಿತ್ತುಕೊಂಡರೆ ಯಾರ ಮೈಯಾದರೂ ಹೀಗೇ ಗಲಾಟೆ ಮಾಡುತ್ತೆ. ಇನ್ನೊಮ್ಮೆ ಹಾಗೆ ಬಿಡಬೇಡಿ. ಬರೆದುಕೊಟ್ಟ ಡಾಕ್ಟ್ರ ಹತ್ತಿರವೇ ಹೋಗಿ, ವಾರಗಟ್ಟಲೆ ಸಮಯ ಕೊಟ್ಟು ಸ್ವಲ್ಪಸ್ವಲ್ಪವಾಗಿ ಇಳಿಸಬೇಕು.

ಕಾಯಂ ತಗೋಬಹುದಾ ಅನ್ನೋದರ ಬಗ್ಗೆ ನಮ್ಮಲ್ಲೇ ಜಗಳ ಇದೆ. ಅಮೆರಿಕದಲ್ಲಿ 1996ರಲ್ಲಿ ಆಕ್ಸಿಕಾಂಟಿನ್ ಅನ್ನೋ ಅಫೀಮಿನ ಜಾತಿಯ ನೋವಿನ ಮಾತ್ರೆ ಮಾರುಕಟ್ಟೆಗೆ ಬಂದ ಮೇಲೆ ಬೆನ್ನುನೋವಿಗೂ ಧಾರಾಳವಾಗಿ ಬರೆದರು, ಸಾವುಗಳು ಏರಿದವು. 2016ರಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ, ಇಂಥ ಮಾತ್ರೆ ಬರೆಯೋದನ್ನು ಬಿಗಿ ಮಾಡಿ ಅಂತ ಸಲಹೆ ಕೊಟ್ಟಿತು. ಆ ಸಲಹೆಯನ್ನೇ ಕಾನೂನಿನಂತೆ ಹಿಡಿದು ಎಷ್ಟೋ ಜನರ ಮಾತ್ರೆಯನ್ನು ದಿಢೀರನೆ ನಿಲ್ಲಿಸಿದರು. ಅವರು ಪಟ್ಟ ಪಾಡು ನೋಡಿ 2022ರಲ್ಲಿ ಸಲಹೆಯನ್ನೇ ತಿದ್ದಿದರು. ಅತ್ತ ದರಿ, ಇತ್ತ ಪುಲಿ.

ನನ್ನ ಪಕ್ಷ ಹೇಳ್ತೀನಿ. ಸವೆದ ಮಂಡಿಗೆ ಹೊಸದಾಗಿ ಶುರು ಮಾಡೋ ಹಾಗಿದ್ದರೆ ನಾನು ಬರೆಯಲ್ಲ. 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಬೆನ್ನು, ಸೊಂಟದ ಕೀಲು, ಮಂಡಿ ನೋವಿನ 240 ಜನರನ್ನು ವರ್ಷವಿಡೀ ನೋಡಿದರು. ಮಾರ್ಫಿನ್, ಆಕ್ಸಿಕೋಡೋನ್ ಥರದ ಅಫೀಮಿನ ಜಾತಿಯದ್ದು ತಗೊಂಡವರು ಬೇರೆ ಔಷಧಿಯವರಿಗಿಂತ ಹೆಚ್ಚು ಓಡಾಡಲಿಲ್ಲ, ಅಡ್ಡಪರಿಣಾಮ ಮಾತ್ರ ಜಾಸ್ತಿ. (ತಮಾಷೆ ಅಂದರೆ ನಿಮ್ಮ ಟ್ರಮಡಾಲ್ ಅಲ್ಲಿ ಆ "ಬೇರೆ ಔಷಧಿ"ಗಳ ಗುಂಪಿನಲ್ಲಿ, ಉಳಿದದ್ದು ಸಾಲದಿದ್ದರೆ ಕೊಡೋ ಕೊನೆಯ ಮೆಟ್ಟಿಲಾಗಿತ್ತು!) ಈಗಾಗಲೇ ತಗೊಳ್ಳುತ್ತಿರುವವರ ಕೈಯಿಂದ ಕಿತ್ತುಕೊಳ್ಳೋದೂ ನನಗೆ ಒಪ್ಪಿಗೆಯಿಲ್ಲ. ಒಂದು ಮೂರಾದರೂ ನೋವು ಇದ್ದಲ್ಲೇ ಇದ್ದರೆ ಮಾತ್ರೆ ಕೆಲಸ ಮಾಡ್ತಿಲ್ಲ ಅಂತಲೇ ಅರ್ಥ.

ಬದಲಿಗೆ ಅಂತ ಮೆಡಿಕಲ್‌ನಿಂದ ಡೈಕ್ಲೋಫೆನಾಕ್ ತಂದು ದಿನಾ ಕೊಡಬೇಡಿ, ಕಿಡ್ನಿಗೆ ಏಟು. ಹಚ್ಚೋ ಜೆಲ್, ತೊಡೆಗೆ ಬಲ ಬರೋ ವ್ಯಾಯಾಮ ನೋಡಿ. ಇನ್ನೊಂದು, ಕುಡಿಯೋದು ಬೋರ್ ನೀರಾ? ನಮ್ಮ ಕಡೆ ಆಳದ ಬೋರ್‌ಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿರೋ ಊರುಗಳಿವೆ. ಮೂಳೆ ಬಿಗಿದು ಬರೋ ನೋವನ್ನು "ವಯಸ್ಸಾಯ್ತು" ಅಂತ ತಳ್ಳಿಹಾಕ್ತೀವಿ. ನೀರು ಪರೀಕ್ಷೆ ಮಾಡಿಸಿ. ಮಾತ್ರೆ ನುಂಗಿ ಅಮ್ಮ ಏನೇನು ಕೆಲಸ ಮಾಡ್ತಾರೆ? ತಲೆ ಸುತ್ತುತ್ತಾ? ಬೇರೆ ಮಾತ್ರೆ ಯಾವುದಿದೆ?

ಪ್ರಶ್ನೆ (ಕೋಲಾರದಿಂದ): ಮಧ್ಯೆ ಕೇಳ್ತಿದ್ದೀನಿ, ಕ್ಷಮಿಸಿ. ಅಪ್ಪನಿಗೆ ಬಾಯಿ ಕ್ಯಾನ್ಸರ್, ಮಾರ್ಫಿನ್ ಕೊಟ್ಟಿದ್ದಾರೆ. ಇದನ್ನು ಓದಿ ಕೈ ನಡುಗ್ತಿದೆ. ನಿಲ್ಲಿಸಲಾ?

ಉತ್ತರ: ಖಂಡಿತ ಬೇಡ! ಮೇಲಿನ ಜಗಳ ಕ್ಯಾನ್ಸರ್ ನೋವಿನದ್ದಲ್ಲ. 1985ರ ಮಾದಕವಸ್ತು ಕಾನೂನಿನ ಬಿಗಿಗೆ ನಮ್ಮ ದೇಶದಲ್ಲಿ ಎಷ್ಟೋ ರೋಗಿಗಳು ಮಾರ್ಫಿನ್ ಸಿಗದೆ ನರಳಿದರು, 2014ರಲ್ಲಿ ತಿದ್ದುಪಡಿ ಮಾಡಿ ಸಡಿಲಿಸಬೇಕಾಯಿತು. ಹೇಳಿದ ಹೊತ್ತಿಗೆ ಸರಿಯಾಗಿ ಕೊಡಿ. ಮಲ ಕಟ್ಟುತ್ತೆ, ಅದಕ್ಕೆ ಔಷಧಿ ಕೇಳಿ ತಗೊಳ್ಳಿ. ಮಾತ್ರೆ ಬೀರುವಿನಲ್ಲಿ ಬೀಗ ಹಾಕಿಡಿ.

ಶಿಡ್ಲಘಟ್ಟದವರು: ಮೇಡಂ, ಬೋರ್ ನೀರೇ. ಕೊಟ್ಟಿಗೆವರೆಗೆ ಹೋಗ್ತಾರೆ ಅಷ್ಟೇ. ರಾತ್ರಿ ಎದ್ದಾಗ ಎರಡು ಸಲ ಬಿದ್ದಿದ್ದಾರೆ. ಬಿಪಿ ಮಾತ್ರೆ ಇದೆ, ರಾತ್ರಿ ಅರ್ಧ ನಿದ್ದೆ ಮಾತ್ರೆ.

ಉತ್ತರ: ನಿದ್ದೆ ಮಾತ್ರೆ ವಿಷಯ ಮೊದಲೇ ಹೇಳಬಾರದಿತ್ತೇ ತಾಯಿ? ಎರಡೂ ಸೇರಿದರೆ ಉಸಿರಾಟ ಮಂದವಾಗುತ್ತೆ, ಬೀಳೋದಕ್ಕೂ ಅದೇ ಕಾರಣ ಇರಬಹುದು. ಬರೆದುಕೊಟ್ಟ ಡಾಕ್ಟ್ರಿಗೆ ಈಗಲೇ ಫೋನ್ ಮಾಡಿ, ಇವತ್ತು ರಾತ್ರಿ ಏನು ಕೊಡಬೇಕು ಅಂತ ಕೇಳಿ. ನೀವೇ ನಿಲ್ಲಿಸಬೇಡಿ. ಬೆಳಗ್ಗೆ ಎಲ್ಲ ಮಾತ್ರೆಯ ಹಾಳೆಗಳನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ ತೋರಿಸಿ. ಎಬ್ಬಿಸಿದರೂ ಏಳದಷ್ಟು ಮಂಪರು ಕಂಡರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.