ಗೆಲ್ಮರ್ ಜಲಾಶಯಕ್ಕೆ ಒಂದು ಸುತ್ತು: ಅಪ್ಪ ಅಮ್ಮನ ಕೈಲಿ ಆಗುತ್ತಾ?

ಪ್ರಶ್ನೆ:
ಆಗಸ್ಟ್‌ನಲ್ಲಿ ಅಪ್ಪ ಅಮ್ಮ ಊರಿಂದ ಜ್ಯೂರಿಕ್‌ಗೆ ಬರ್ತಿದ್ದಾರೆ. ಹಾಂಡೆಗ್‌ನಲ್ಲಿ ಗೆಲ್ಮರ್‌ಬಾನ್ ಅನ್ನೋ ಬೆಟ್ಟದ ರೈಲು ಹತ್ತಿ ಮೇಲಿನ ಜಲಾಶಯವನ್ನು ಸುತ್ತಿ ಬರೋಣ ಅಂತಿದೆ. ಅಮ್ಮನಿಗೆ ಮಂಡಿನೋವು. ಅಪ್ಪ ದಿನಾ ವಾಕಿಂಗ್ ಹೋಗ್ತಾರೆ. ದಾರಿ ಹೇಗಿದೆ? ಟಿಕೆಟ್ ಅಲ್ಲೇ ಸಿಗುತ್ತಾ?

ಉತ್ತರ 1:
ಅಲ್ಲೇ ಸಿಗುತ್ತೆ ಅಂತ ನಂಬಿ ಹೋಗಬೇಡಿ. ಇರೋದು ಒಂದೇ ಬೋಗಿ, ಸಲಕ್ಕೆ 24 ಜನ, ಮೇಲೆ ತಲುಪಲು 12 ನಿಮಿಷ. ಬಿಸಿಲಿರುವ ವಾರಾಂತ್ಯದಲ್ಲಿ ಬೇಗ ಭರ್ತಿಯಾಗುತ್ತೆ, ಆನ್‌ಲೈನ್‌ನಲ್ಲಿ ಮುಂಚೆಯೇ ಬುಕ್ ಮಾಡಿ. ಬುಕ್ ಮಾಡುವಾಗ ವಾಪಸ್ ಇಳಿಯುವ ಬೋಗಿಯ ಹೊತ್ತನ್ನು ಆರಿಸೋದರಲ್ಲೇ ಎಲ್ಲರೂ ಎಡವೋದು. ಸುತ್ತು ಸುಮಾರು ಎರಡು ಗಂಟೆಯದು, ಆದರೆ ಊಟ, ಫೋಟೋ, ಕಿರುದಾರಿಯಲ್ಲಿ ಎದುರಿನವರಿಗೆ ಜಾಗ ಬಿಡೋದು ಎಲ್ಲ ಸೇರಿ ಮೂರೂವರೆ ಗಂಟೆ ಇಟ್ಟುಕೊಳ್ಳಿ.

1926ರಲ್ಲಿ ಅಣೆಕಟ್ಟಿನ ಸಾಮಾನು ಸಾಗಿಸಲು ಹಾಕಿದ ಹಳಿ ಇದು, ಜನರಿಗೆ ತೆರೆದದ್ದು 2001ರಲ್ಲಿ. ಅತಿ ಕಡಿದಾದ ಕಡೆ ಇಳಿಜಾರು 106% (ಅಡ್ಡಕ್ಕೆ 100 ಮೀಟರ್‌ಗೆ 106 ಮೀಟರ್ ಏರು), ಬೋಗಿಗೆ ಚಾವಣಿಯಿಲ್ಲ. ಎತ್ತರಕ್ಕೆ ಹೆದರುವವರಿಗೆ ಮೊದಲೇ ಹೇಳಿಬಿಡಿ.

ಉತ್ತರ 2:
ನಿಮ್ಮ ತಾಯಿಯವರನ್ನು ಸುತ್ತಿಗೆ ಕರೆದೊಯ್ಯಬೇಡಿ. ಬಂಡೆಗೆ ಬಳಿದಿರುವ ಬಿಳಿ-ಕೆಂಪು-ಬಿಳಿ ಪಟ್ಟೆ ಬೆಟ್ಟದ ದಾರಿಯ ಗುರುತು. ಹಳದಿ ಗುರುತಷ್ಟೇ ಇರುವ ಸಲೀಸು ದಾರಿಯಲ್ಲ. ಕೆಲವು ಕಡೆ ಗ್ರಾನೈಟ್ ಕಡಿದು ಮಾಡಿದ ಕಿರಿದಾದ ಕಟ್ಟೆ, ಪಕ್ಕದಲ್ಲೇ ನೀರಿನ ಕಡೆಗೆ ಕಡಿದಾದ ಇಳಿತ, ಹಿಡಿಯಲು ಗೋಡೆಗೆ ಬಿಗಿದ ಉಕ್ಕಿನ ಹಗ್ಗ. ಅಲ್ಲಿಗೆ ಬರುವ ಮೊದಲೇ ನಡಿಗೆ ಕೋಲುಗಳನ್ನು ಮಡಚಿ ಬ್ಯಾಗಿಗೆ ಸಿಕ್ಕಿಸಿ, ಬಂಡೆ ಕಡೆಯ ಕೈ ಹಗ್ಗದ ಮೇಲಿರಲಿ. ಮಳೆ ಬಿದ್ದಿದ್ದರೆ ಕಲ್ಲು ಜಾರುತ್ತೆ. ಸವೆದ ಅಟ್ಟೆಯ ವಾಕಿಂಗ್ ಶೂ ಸಾಲದು.

ತಂದೆಯವರ ವಾಕಿಂಗ್ ಸಮತಟ್ಟಾದ ರಸ್ತೆಯಲ್ಲಾದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎತ್ತರದ ಮೆಟ್ಟಿಲನ್ನು ಕೈಯೂರದೆ ಇಳಿಯುತ್ತಾರಾ, ಅದನ್ನು ನೋಡಿ. ಅಮ್ಮನಿಗೆ ಅಣೆಕಟ್ಟಿನ ಹತ್ತಿರವೇ ಕೂತು ನೋಡಲು ಬೇಕಾದಷ್ಟಿದೆ. 1850 ಮೀಟರ್ ಎತ್ತರ, ಬಿಸಿಲಲ್ಲೂ ಗಾಳಿ ತಣ್ಣಗಿರುತ್ತೆ, ಸ್ವೆಟರ್ ಇರಲಿ. ವಿದ್ಯುತ್ತಿಗಾಗಿ ಕಟ್ಟಿದ ಜಲಾಶಯ, ನೀರಿನ ಮಟ್ಟ ಏರಿಳಿಯುತ್ತಿರುತ್ತೆ. ನೀರು ಸರಿದ ದಂಡೆಗೆ ಇಳಿಯಬೇಡಿ.

ಉತ್ತರ 3:
ಟಿಕೆಟ್ ಸಿಗದಿದ್ದರೆ ಗ್ರಿಮ್ಸೆಲ್ ಘಾಟಿಗೆ ಹೋಗುವ ಬಸ್ಸಿನಲ್ಲಿ ಹಾಂಡೆಗ್ ದಾಟಿ ಕ್ಯೂನ್ಸೆನ್‌ಟೆನ್‌ಲೆನ್ ಸ್ಟಾಪಿನಲ್ಲಿ ಇಳಿದು ನಡೆದೇ ಹತ್ತಬಹುದು, ಏರು ಸುಮಾರು 250 ಮೀಟರ್. ಮೇಲಿಂದ ಹಾಂಡೆಗ್‌ವರೆಗೆ ನಡೆದು ಬಂದರೆ ಇಳಿತ 450 ಮೀಟರ್ ಹತ್ತಿರ, ಮಂಡಿನೋವಿರುವವರು ಆ ಯೋಚನೆ ಬಿಡಿ. ರೈಲು ಬೇಡವೆಂದರೆ ಹಾಂಡೆಗ್ ಜಲಪಾತದ ಮೇಲಿನ 70 ಮೀಟರ್ ಉದ್ದದ ತೂಗುಸೇತುವೆ ಇದೆ.

ಮಧ್ಯಾಹ್ನ ಗುಡುಗು ಬರುವ ಮುನ್ಸೂಚನೆಯಿದ್ದರೆ ಬೆಳಗಿನ ಬೋಗಿಯನ್ನೇ ಹಿಡಿಯಿರಿ. ಕಣಿವೆಯ ಕೆಳಗಿನ ಊರಾದ ಮೈರಿಂಗನ್‌ಗೆ ವಾಪಸ್ ಬಸ್ಸುಗಳು ಕಡಿಮೆ. ಇಳಿಯುವ ಟಿಕೆಟ್ಟನ್ನು ಬಸ್ಸಿನ ವೇಳೆ ನೋಡಿಯೇ ಬುಕ್ ಮಾಡಿ.